ಗಣಿತಸಾರಸಂಗ್ರಹದ ಒಂದು ಮಹಾಸಂಖ್ಯೆ: ೧೨೩೪೫೬೫೪೩೨೧ರ ರಚನಾಕ್ರಮ

೧

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳ ಸುತ್ತಣ ನಾಡಿನ ಬಹುಭಾಗವು ಹಿಂದೆ ಬನವಾಸಿ ಪನ್ನಿರ್ಚ್ಛಾಸಿರಕ್ಕೆ ಸೇರಿದ್ದಿತು. ಇಲ್ಲಿಯ ಶಾಸನಗಳನ್ನು ಓದತೊಡಗಿದವನಿಗೆ ಅರಸರ ಬಿರುದುಗಳ ಬೆನ್ನಿಗೇ ಎದುರಾಗುವುದು ಸಂಖ್ಯೆಗಳು. ಬನವಾಸಿ ೧೨೦೦೦, ಪಾನುಂಗಲ್ಲು ೫೦೦, ಬಾಸವೂರು ೧೪೦, ನೆರೆಯ ಬೆಳ್ವೊಲ ೩೦೦, ಪುಲಿಗೆರೆ ೩೦೦. ಇನ್ನೂ ದೂರದ ಗಂಗವಾಡಿ ೯೬೦೦೦, ನೊಳಂಬವಾಡಿ ೩೨೦೦೦. ಇವು ಹಳ್ಳಿಗಳ ಎಣಿಕೆಯೋ, ಆದಾಯದ ಪ್ರಮಾಣವೋ, ಬರಿಯ ರೂಢಿಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಏನಿದ್ದರೂ ಇವು ಹೆಸರಿಗೆ ಅಂಟಿಕೊಂಡ ಸಂಖ್ಯೆಗಳು. ನಾಡಿನ ಹೆಸರನ್ನು ಹೇಳುವಾಗ ಅದರ ಜೊತೆಯಲ್ಲಿಯೇ ಬಾಯಿಗೆ ಬರುವಂಥವು.

ಶಾಸನಗಳಲ್ಲಿ ಎರಡನೆಯ ಬಗೆಯ ಸಂಖ್ಯೆಗಳೂ ಉಂಟು. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯದ ಗುತ್ತರ ಕಾಲದ ಶಾಸನಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ದತ್ತಿಯ ಭೂಮಿ, ಹಣ, ಕಾಳು—ಇವೆಲ್ಲ ಲೆಕ್ಕದ ಸಂಖ್ಯೆಗಳು. ಇವುಗಳಲ್ಲಿ ಒಂದು ತಪ್ಪಿದರೆ ದತ್ತಿಯೂ ತಪ್ಪುತ್ತದೆ. ಆದುದರಿಂದ ಇವನ್ನು ಬರೆದವರು ಎಚ್ಚರದಿಂದ ಬರೆದರು.

ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಯಾವ ನಾಡಿನ ಹೆಸರಿಗೂ ಅಂಟದೆ, ಯಾವ ದತ್ತಿಯನ್ನೂ ಅಳೆಯದೆ, ತನ್ನ ಅಂಕಗಳ ಜೋಡಣೆಗಾಗಿಯೇ ಆದರಿಸಲ್ಪಟ್ಟ ಸಂಖ್ಯೆ ಅದು. ಅಂಥ ಸಂಖ್ಯೆಗಳನ್ನು ಬನವಾಸಿ ನಾಡು ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಗುಣಾಕಾರದ ಉದಾಹರಣೆಗಳಾಗಿ ಕೊಟ್ಟಿದ್ದಾನೆ. ಅವುಗಳಲ್ಲಿ ಒಂದಾದ ೧೨೩೪೫೬೫೪೩೨೧ ಎಂಬ ಹನ್ನೊಂದು ಅಂಕಗಳ ಸಂಖ್ಯೆಯನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ. ಇಂಥ ಉದಾಹರಣೆಗಳನ್ನು ಸಾಮಾನ್ಯವಾಗಿ ಗಣಿತವಿನೋದವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಅವು ವಿನೋದವೂ ಹೌದು. ಆದರೆ ಅಷ್ಟೇ ಅಲ್ಲ. ಗ್ರಂಥಕಾರನು ತನ್ನ ಉದಾಹರಣೆಗಳನ್ನು ಹೇಗೆ ಕಟ್ಟಿದನೆಂಬುದನ್ನು ಎಲ್ಲಿಯೂ ಹೇಳಿಲ್ಲ. ಆದರೂ ಆ ಸಂಖ್ಯೆಗಳನ್ನು ಬಿಡಿಸಿ ನೋಡಿದರೆ ಕಟ್ಟಿದ ಕೈಯ ಗುರುತು ಅವುಗಳಲ್ಲಿಯೇ ಉಳಿದಿರುವುದು ಕಂಡುಬರುತ್ತದೆ. ಆ ಗುರುತು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಕಾಲದೇಶಗಳ ವಿಚಾರ. ಮಹಾವೀರಾಚಾರ್ಯನು ಗ್ರಂಥಾರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಈ ಚಕ್ರವರ್ತಿಯ ಆಳ್ವಿಕೆ ಕ್ರಿ. ಶ. ೮೧೪ರಿಂದ ೮೭೮ರ ವರೆಗೆ. ಕನ್ನಡದ ಆದ್ಯ ಲಕ್ಷಣಗ್ರಂಥವಾದ ಕವಿರಾಜಮಾರ್ಗವೂ ಇದೇ ಆಸ್ಥಾನದ ಕೃತಿ. ಬನವಾಸಿ ನಾಡನ್ನು ಆಗ ನೃಪತುಂಗನ ಪರವಾಗಿ ಆಳುತ್ತಿದ್ದವನು ಸೇನಾನಿ ಬಂಕೆಯ. ಹಾವೇರಿಗೆ ವಾಯವ್ಯದಲ್ಲಿರುವ, ಇಂದು ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರಕ್ಕೆ ಹೆಸರು ಬಂದುದು ಅವನಿಂದಲೇ.

ಬಂಕೆಯನ ಮಗನಾದ ಲೋಕಾದಿತ್ಯನು ಬಂಕಾಪುರದಲ್ಲಿ ಆಳುತ್ತಿದ್ದಾಗ, ಶಕವರ್ಷ ೮೨೦ರಲ್ಲಿ, ಎಂದರೆ ಕ್ರಿ. ಶ. ೮೯೮ರಲ್ಲಿ, ಗುಣಭದ್ರಾಚಾರ್ಯನ ಉತ್ತರಪುರಾಣವು ಅಲ್ಲಿ ಪೂಜೆಗೊಂಡಿತೆಂದು ಆ ಗ್ರಂಥದ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಗುಣಭದ್ರನು ಜಿನಸೇನನ ಶಿಷ್ಯ; ಜಿನಸೇನನು ವೀರಸೇನನ ಶಿಷ್ಯ. ಈ ಗುರುಪರಂಪರೆ ನಮ್ಮ ವಿಷಯಕ್ಕೆ ಹೊರತಾದುದಲ್ಲ. ವೀರಸೇನನ ಧವಲಾ ಟೀಕೆಯಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಭೇದಗಳ ದೀರ್ಘವಾದ ಚರ್ಚೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಎಣಿಕೆಯನ್ನು ಅರ್ಧಚ್ಛೇದವೆಂದು ಹೆಸರಿಸಿ, ಅತ್ಯಂತ ದೊಡ್ಡ ಸಂಖ್ಯೆಗಳನ್ನು ಅದರ ಮೂಲಕ ಹಿಡಿಯುವ ಕ್ರಮವನ್ನು ಅಲ್ಲಿ ಹೇಳಿದೆ. ಆ ಟೀಕೆಯ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದು ಬಂದುವು. ಬಂಕಾಪುರವು ಮುಂದೆಯೂ ಜೈನ ವಿದ್ಯೆಯ ನೆಲೆಯಾಗಿಯೇ ಇದ್ದಿತು. ಕ್ರಿ. ಶ. ೯೭೪ರ ಸುಮಾರಿಗೆ ಗಂಗರ ದೊರೆ ಮಾರಸಿಂಹನು ಅಲ್ಲಿಯೇ ಅಜಿತಸೇನಾಚಾರ್ಯನ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ.

ಇಷ್ಟನ್ನು ಕಂಡ ಮೇಲೆ, ಮಹಾವೀರಾಚಾರ್ಯನೂ ಬಂಕಾಪುರದವನೇ ಇರಬಹುದೆಂಬ ಆಸೆ ಈ ನಾಡಿನ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ಗಣಿತಸಾರಸಂಗ್ರಹದಲ್ಲಿ ಅವನು ತನ್ನ ಊರನ್ನು ಹೇಳಿಲ್ಲ. ಅರಸನ ಹೆಸರಿನಿಂದ ಊರನ್ನು ಹೊರಡಿಸುವುದು ಇತಿಹಾಸದ ಕ್ರಮವಲ್ಲ. ನಾವು ಹೇಳಬಹುದಾದುದು ಇಷ್ಟೇ: ಯಾವ ರಾಜ್ಯದಲ್ಲಿ, ಯಾವ ಧಾರ್ಮಿಕ ಪರಂಪರೆಯ ಆಶ್ರಯದಲ್ಲಿ ಆ ಗ್ರಂಥ ಹುಟ್ಟಿತೋ ಅದೇ ರಾಜ್ಯದ, ಅದೇ ಪರಂಪರೆಯ ಒಂದು ಮುಖ್ಯ ಕೇಂದ್ರವು ಅರ್ಧ ಶತಮಾನದೊಳಗೆ ಹಾವೇರಿಯ ನೆರೆಯಲ್ಲಿಯೇ ಇದ್ದಿತು. ಈ ಸಾಮೀಪ್ಯವೇ ಸಾಕಷ್ಟು ಬೆಲೆಯುಳ್ಳದ್ದು. ಅದಕ್ಕಿಂತ ಹೆಚ್ಚಿನದನ್ನು ಸೇರಿಸಿದರೆ ಇದ್ದುದರ ಬೆಲೆಯೂ ಕೆಡುತ್ತದೆ.

೩

ಗಣಿತಸಾರಸಂಗ್ರಹವು ಸಾವಿರದ ನೂರಕ್ಕೂ ಮೀರಿದ ಸಂಸ್ಕೃತ ಶ್ಲೋಕಗಳ ಗ್ರಂಥ. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆ ಎಂದು ಒಂಬತ್ತು ಅಧಿಕಾರಗಳಲ್ಲಿ ಅದು ಹರಡಿಕೊಂಡಿದೆ. ಜ್ಯೋತಿಷಕ್ಕೆ ಅಂಗವಾಗಿ ಗಣಿತವನ್ನು ಹೇಳುವ ಪದ್ಧತಿಯನ್ನು ಬಿಟ್ಟು, ಗಣಿತವನ್ನೇ ಸ್ವತಂತ್ರವಾಗಿ ಹೇಳಿದುದು ಅದರ ವೈಶಿಷ್ಟ್ಯ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ೧೯೧೨ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಜ್ಞ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆಯನ್ನು ಬರೆದರು. ರಂಗಾಚಾರ್ಯರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಯೋಲೆಗಳೂ ಕನ್ನಡ ಟೀಕೆಯೂ ಇದ್ದುವೆಂಬುದು ಗಮನಾರ್ಹ. ಕನ್ನಡ ನಾಡಿನಲ್ಲಿ ಆ ಗ್ರಂಥದ ಪಾಠ ನಡೆಯುತ್ತಿದ್ದಿತೆಂಬುದಕ್ಕೆ ಅದು ಸಾಕ್ಷಿ. ೨೦೦೦ದಲ್ಲಿ ಪದ್ಮಾವತಮ್ಮನವರು ಸಿದ್ಧಪಡಿಸಿದ ಕನ್ನಡ ಅನುವಾದಸಹಿತವಾದ ಆವೃತ್ತಿಯು ಹೊಂಬುಜದಿಂದ ಪ್ರಕಟವಾಯಿತು.

ಸಂಜ್ಞಾಧಿಕಾರದಲ್ಲಿ ಮಹಾವೀರಾಚಾರ್ಯನು ಏಕ, ದಶ, ಶತ, ಸಹಸ್ರ ಎಂದು ಮೊದಲುಮಾಡಿ ಮಹಾಕ್ಷೋಭದ ವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರನ್ನು ಕೊಡುತ್ತಾನೆ. ಆ ಎಣಿಕೆಯಲ್ಲಿ ಹನ್ನೊಂದನೆಯ ಸ್ಥಾನ ಅರ್ಬುದ. ಆದುದರಿಂದ ನಮ್ಮ ಸಂಖ್ಯೆಯ ಮೊದಲಿನ ಒಂದು ನಿಂತಿರುವುದು ಅರ್ಬುದಸ್ಥಾನದಲ್ಲಿ. ಇಂದಿನ ರೂಢಿಯಲ್ಲಿ ಇದನ್ನು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದುತ್ತೇವೆ. ಆದರೆ ಗ್ರಂಥಕಾರನು ಈ ಸಂಖ್ಯೆಯನ್ನು ಸ್ಥಾನಗಳ ಹೆಸರಿನಿಂದ ಹೇಳುವ ಗೋಜಿಗೆ ಹೋಗಿಲ್ಲ. ಒಂದರಿಂದ ತೊಡಗಿ ಆರರ ವರೆಗೆ ಏರಿ, ಬಳಿಕ ಅದೇ ಕ್ರಮದಲ್ಲಿ ಇಳಿಯುವುದು ಎಂಬ ಭಾವದ ಕೆಲವೇ ಪದಗಳಲ್ಲಿ ಅದನ್ನು ಸೂಚಿಸಿದ್ದಾನೆ. ಸ್ಥಾನಮೌಲ್ಯದ ಪದ್ಧತಿ ಓದುಗರ ಮನಸ್ಸಿನಲ್ಲಿ ಚೆನ್ನಾಗಿ ನೆಲೆಗೊಂಡಿರದಿದ್ದರೆ ಈ ಬಗೆಯ ಸೂಚನೆ ಸಾಧ್ಯವಾಗುತ್ತಿರಲಿಲ್ಲ. ಅವನು ಹೇಳುತ್ತಿರುವುದು ಪ್ರಮಾಣವನ್ನಲ್ಲ, ಬರೆಹದ ಆಕಾರವನ್ನು.

೪

ಪರಿಕರ್ಮಾಧಿಕಾರದ ಗುಣಾಕಾರ ಪ್ರಕರಣದಲ್ಲಿ ಈ ಸಂಖ್ಯೆಯು ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದಾಗ ಬರುವ ಲಬ್ಧವಾಗಿ ಕಾಣಿಸಿಕೊಳ್ಳುತ್ತದೆ. ಅದರೊಡನೆ ಬರುವ ಕೆಲವು ಉದಾಹರಣೆಗಳು ಹೀಗಿವೆ:

೧೩೯ × ೧೦೯ = ೧೫೧೫೧
೧೫೨೨೦೭ × ೭೩ = ೧೧೧೧೧೧೧೧
೧೨೩೪೫೬೭೯ × ೯ = ೧೧೧೧೧೧೧೧೧
೧೪೨೮೭೧೪೩ × ೭ = ೧೦೦೦೧೦೦೦೧
೧೪೨೮೫೭೧೪೩ × ೭ = ೧೦೦೦೦೦೦೦೦೧
೩೩೩೩೩೩೬೬೬೬೬೭ × ೩೩ = ೧೧೦೦೦೦೧೧೦೦೦೦೧೧

ಗುಣಲಬ್ಧಗಳೆಲ್ಲವೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎರಡು ಬದಿಗೂ ಸಮನಾಗಿ ಮಣಿಗಳನ್ನು ಪೋಣಿಸಿದ ಸರದಂತೆ ಇರುವುದರಿಂದ ಇಂಥ ಕೆಲವು ಲಬ್ಧಗಳನ್ನು ಅವನು ಕಂಠಾಭರಣವೆಂದು ಕರೆದಿದ್ದಾನೆ.

ಈಗ ೧೨೩೪೫೬೫೪೩೨೧ರ ಗುಣಗಳನ್ನು ನೋಡೋಣ. ಇದು ಪೂರ್ಣವರ್ಗ, ಇದರ ವರ್ಗಮೂಲ ೧೧೧೧೧೧. ಆರು ಒಂದುಗಳ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ೧೧೧೧೧೧ನ್ನು ಆರು ಸಾಲುಗಳಲ್ಲಿ, ಪ್ರತಿಯೊಂದು ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವೆ. ಬಲದ ಕೊನೆಯ ಕಂಬಸಾಲಿನಲ್ಲಿ ಒಂದು ಅಂಕ, ಅದರ ಎಡಕ್ಕೆ ಎರಡು, ಬಳಿಕ ಮೂರು ಹೀಗೆ ಏರುತ್ತ ನಡುವೆ ಆರು ಅಂಕಗಳು ಕೂಡುತ್ತವೆ. ಅಲ್ಲಿಂದಾಚೆಗೆ ಒಂದೊಂದಾಗಿ ಇಳಿಯುತ್ತವೆ. ಎಲ್ಲ ಅಂಕಗಳೂ ಒಂದೇ ಆದುದರಿಂದ ಕೂಡಿಸುವುದೆಂದರೆ ಎಣಿಸುವುದೇ. ಹಾಗಾಗಿ ಲಬ್ಧವು ಗುಣಾಕಾರದ ಕ್ರಮದ ಒಂದು ಚಿತ್ರವಾಗುತ್ತದೆ. ಅದರ ಅಂಕಗಳ ಮೊತ್ತ ೩೬, ಎಂದರೆ ಆರರ ವರ್ಗ. ಆರು ಸಾಲುಗಳಲ್ಲಿ ಆರಾರು ಒಂದುಗಳಿದ್ದ ಮೇಲೆ ಬೇರೆಯಾಗುವಂತಿಲ್ಲ.

ಎರಡನೆಯದು ಅದರ ಅಪವರ್ತನಗಳು. ೧೧೧೧೧೧ = ೧೧೧ × ೧೦೦೧; ೧೧೧ = ೩ × ೩೭; ೧೦೦೧ = ೭ × ೧೧ × ೧೩. ಆದುದರಿಂದ ೧೧೧೧೧೧ರಲ್ಲಿ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಒಂದೊಂದು ಸಲವೂ, ಅದರ ವರ್ಗದಲ್ಲಿ ಎರಡೆರಡು ಸಲವೂ ಇವೆ. ಇದರಿಂದ ೧೨೩೪೫೬೫೪೩೨೧ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಒಂದನ್ನೂ ಅದನ್ನೇ ಸೇರಿಸಿ, ಒಟ್ಟು ೨೪೩ ಎಂದು ಲೆಕ್ಕ ಬರುತ್ತದೆ.

೫

ಮಹಾವೀರಾಚಾರ್ಯನು ಆರಿಸಿಕೊಂಡ ಗುಣಕ ೪೪೧. ಅದು ೨೧ರ ವರ್ಗ. ಹಾಗಾದರೆ ಗುಣ್ಯವಾದ ೨೭೯೯೪೬೮೧ ಏನಾಗಿರಬೇಕು? ೧೧೧೧೧೧ನ್ನು ೨೧ರಿಂದ ಭಾಗಿಸಿದರೆ ೫೨೯೧. ಅದರ ವರ್ಗವೇ ೨೭೯೯೪೬೮೧. ಮೊದಲ ನೋಟಕ್ಕೆ ಯಾವ ಕ್ರಮವೂ ಕಾಣದ ಈ ಎಂಟು ಅಂಕಗಳ ಸಂಖ್ಯೆ ೧೧, ೧೩, ೩೭ ಈ ಮೂರರ ಗುಣಲಬ್ಧದ ವರ್ಗ. ಎಂದರೆ ಐದು ಅವಿಭಾಜ್ಯಗಳಲ್ಲಿ ಎರಡನ್ನು ಒಂದು ಕಡೆಗೂ ಮೂರನ್ನು ಇನ್ನೊಂದು ಕಡೆಗೂ ಹಂಚಿ, ಎರಡು ಕಡೆಯನ್ನೂ ವರ್ಗಮಾಡಿದ ಹಾಗಾಯಿತು.

ಇದು ಆಕಸ್ಮಿಕವಾಗಿ ಬಂದಿರಬಹುದೇ? ಮೂರು ಅಂಕಗಳ ಸಂಖ್ಯೆಗಳು ಒಟ್ಟು ೯೦೦. ಅವುಗಳಲ್ಲಿ ೧೨೩೪೫೬೫೪೩೨೧ನ್ನು ಶೇಷವಿಲ್ಲದೆ ಭಾಗಿಸುವವು ೨೨ ಮಾತ್ರ. ಸುಮಾರು ನಲವತ್ತೊಂದಕ್ಕೆ ಒಂದು. ಆ ಇಪ್ಪತ್ತೆರಡರಲ್ಲಿಯೂ ಪೂರ್ಣವರ್ಗಗಳಾಗಿರುವವು ೧೨೧, ೧೬೯, ೪೪೧ ಈ ಮೂರೇ. ಕೈಗೆ ಸಿಕ್ಕ ಗುಣ್ಯವನ್ನೂ ಗುಣಕವನ್ನೂ ಗುಣಿಸಿ ಇಂಥ ಲಬ್ಧವನ್ನು ಪಡೆಯುವುದಂತೂ ಅಸಂಭವ. ಆದುದರಿಂದ ಉದಾಹರಣೆಯು ಲಬ್ಧದಿಂದ ಹಿಂದಕ್ಕೆ ಕಟ್ಟಲ್ಪಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಮೊದಲು ಹಾರ; ಬಳಿಕ ಅದನ್ನು ಬಿಚ್ಚಿ ಎರಡು ತುಂಡು; ಆ ತುಂಡುಗಳನ್ನು ಕೂಡಿಸುವ ಕೆಲಸ ವಿದ್ಯಾರ್ಥಿಯದು.

ಇದಕ್ಕೆ ಗ್ರಂಥದಲ್ಲಿಯೇ ಇನ್ನೊಂದು ಆಧಾರವಿದೆ. ಮಹಾವೀರಾಚಾರ್ಯನ ಗುಣಾಕಾರ ಸೂತ್ರವು ಅಂಕಗಳನ್ನು ಕದದ ಕೀಲಿನಂತೆ ಒಂದರ ಕೆಳಗೊಂದನ್ನಿರಿಸಿ ಗುಣಿಸುವ ಕವಾಟಸಂಧಿಯನ್ನು ಮಾತ್ರ ಹೇಳಿ ನಿಲ್ಲುವುದಿಲ್ಲ. ಗುಣ್ಯವನ್ನು ಅದರ ಒಂದು ಅಪವರ್ತನದಿಂದ ಭಾಗಿಸಿ ಗುಣಕವನ್ನು ಅದರಿಂದ ಗುಣಿಸುವುದು, ಇಲ್ಲವೆ ಗುಣಕವನ್ನು ಭಾಗಿಸಿ ಗುಣ್ಯವನ್ನು ಗುಣಿಸುವುದು ಎಂಬ ಮಾರ್ಗಗಳನ್ನೂ ಅದು ಒಳಗೊಂಡಿದೆ. ನಮ್ಮ ಉದಾಹರಣೆಗೆ ಅದನ್ನು ಅನ್ವಯಿಸಿದರೆ ೪೪೧ನ್ನು ೨೧ರಿಂದ ಭಾಗಿಸಿ ಗುಣ್ಯವನ್ನು ೨೧ರಿಂದ ಗುಣಿಸಬಹುದು. ಆಗ ಬರುವುದು ೫೮೭೮೮೮೩೦೧; ಅದನ್ನು ಮತ್ತೆ ೨೧ರಿಂದ ಗುಣಿಸಿದರೆ ಹಾರ ಪೂರ್ತಿಯಾಗುತ್ತದೆ. ಗುಣ್ಯವು ೫೨೯೧ರ ವರ್ಗವೆಂಬುದನ್ನು ಕಂಡ ಜಾಣ ವಿದ್ಯಾರ್ಥಿಯು ಇನ್ನೂ ಬೇಗ ಮುಟ್ಟುತ್ತಾನೆ. ಅವನಿಗೆ ೫೨೯೧ × ೨೧ = ೧೧೧೧೧೧ ಎಂಬುದಷ್ಟೇ ಬೇಕು; ಉಳಿದುದು ಎಣಿಕೆ. ಸೂತ್ರವೂ ಉದಾಹರಣೆಯೂ ಒಂದಕ್ಕೊಂದು ಹೊಂದಿಕೊಂಡಿರುವುದು ಇಲ್ಲಿ ಕಾಣುತ್ತದೆ.

ಭಿನ್ನರಾಶಿಗಳನ್ನು ಹೇಳುವ ಕಲಾಸವರ್ಣಾಧಿಕಾರವೂ ಇದನ್ನೇ ಸಮರ್ಥಿಸುತ್ತದೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಅವನು ನಿರುದ್ಧವೆಂದು ಕರೆದು, ಅದನ್ನು ಪಡೆಯುವ ಕ್ರಮವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಸಂಖ್ಯೆಗಳನ್ನು ಅಪವರ್ತನಗಳಾಗಿ ಬಿಡಿಸುವುದು ಅವನ ದೈನಂದಿನ ಉಪಕರಣವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

೬

ಏರುವುದು ಆರಕ್ಕೇ ಏಕೆ ನಿಂತಿತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಒಂಬತ್ತು ಒಂದುಗಳ ಸಂಖ್ಯೆಯನ್ನು ವರ್ಗಮಾಡಿದರೆ ೧೨೩೪೫೬೭೮೯೮೭೬೫೪೩೨೧ ಎಂಬ ಇನ್ನೂ ಭವ್ಯವಾದ ಹಾರ ದೊರೆಯುತ್ತದೆ. ಅದಕ್ಕೆ ಹದಿನೇಳು ಸ್ಥಾನಗಳು ಬೇಕು. ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟವನಿಗೆ ಹದಿನೇಳು ದೊಡ್ಡದಲ್ಲ. ಕಾರಣವು ಅಪವರ್ತನಗಳಲ್ಲಿಯೇ ಇರಬಹುದೆಂದು ನನ್ನ ಊಹೆ. ಐದು ಒಂದುಗಳ ಸಂಖ್ಯೆ ೪೧ × ೨೭೧; ಏಳು ಒಂದುಗಳದು ೨೩೯ × ೪೬೪೯; ಒಂಬತ್ತರದು ೩ × ೩ × ೩೭ × ೩೩೩೬೬೭. ಐದು, ಏಳುಗಳಲ್ಲಿ ಚಿಕ್ಕ ಅಪವರ್ತನಗಳೇ ಇಲ್ಲ. ಒಂಬತ್ತರಲ್ಲಿ ಬಹು ದೊಡ್ಡ ಅವಿಭಾಜ್ಯವೊಂದು ಉಳಿಯುತ್ತದೆ. ಆರು ಒಂದುಗಳ ಸಂಖ್ಯೆ ಮಾತ್ರ ಐದು ಚಿಕ್ಕ ಅವಿಭಾಜ್ಯಗಳಾಗಿ ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಎಂಟು ಒಂದುಗಳದು ೧೧ × ೭೩ × ೧೦೧ × ೧೩೭. ಮೇಲಿನ ಪಟ್ಟಿಯಲ್ಲಿ ೭೩ ಗುಣಕವಾಗಿ ಬಂದಿರುವುದನ್ನು ವಾಚಕರು ಗಮನಿಸಿರಬಹುದು. ಹಾರವನ್ನು ಎಲ್ಲಿ ಬಿಚ್ಚಬಹುದೆಂಬುದನ್ನು ನೋಡಿಯೇ ಅವನು ಹಾರವನ್ನು ಆರಿಸಿದನು.

ಒಂಬತ್ತನ್ನು ದಾಟಿದರೆ ಹಾರವೇ ಕೆಡುತ್ತದೆ. ಹತ್ತು ಒಂದುಗಳ ವರ್ಗದಲ್ಲಿ ನಡುವಿನ ಕಂಬಸಾಲು ಹತ್ತಾಗುತ್ತದೆ. ಅದರ ಒಂದು ಎಡಕ್ಕೆ ಸರಿದು ಅಲ್ಲಿಯ ಒಂಬತ್ತನ್ನು ಹತ್ತು ಮಾಡುತ್ತದೆ. ಆ ಹತ್ತಿನ ಒಂದು ಮತ್ತೆ ಸರಿದು ಎಂಟನ್ನು ಒಂಬತ್ತು ಮಾಡುತ್ತದೆ. ಹೀಗೆ ದೊರೆಯುವುದು ೧೨೩೪೫೬೭೯೦೦೯೮೭೬೫೪೩೨೧. ಏರುವ ಕಡೆಯಲ್ಲಿ ಎಂಟು ಮಾಯವಾಗಿದೆ. ಪಟ್ಟಿಯಲ್ಲಿರುವ ೧೨೩೪೫೬೭೯ರಲ್ಲಿಯೂ ಎಂಟು ಇಲ್ಲ. ಒಂಬತ್ತು ಒಂದುಗಳನ್ನು ೯ರಿಂದ ಭಾಗಿಸುವಾಗ ಹೆಜ್ಜೆಹೆಜ್ಜೆಗೂ ಶೇಷವು ಒಂದೊಂದು ಹೆಚ್ಚುತ್ತ, ಕೊನೆಗೆ ೮೧ ಉಳಿದು, ಅದರಲ್ಲಿ ಒಂಬತ್ತು ಒಂಬತ್ತು ಸಲ ಶೇಷವಿಲ್ಲದೆ ಹೋಗುವುದರಿಂದ ಏಳರ ಮುಂದೆ ಒಂಬತ್ತೇ ಬರುತ್ತದೆ.

ಪಟ್ಟಿಯ ಮೊದಲನೆಯ ಉದಾಹರಣೆಯೂ ವಿಚಾರಾರ್ಹ. ೧೩೯, ೧೦೯ ಎರಡೂ ಅವಿಭಾಜ್ಯಗಳು. ಆದುದರಿಂದ ೧೫೧೫೧ನ್ನು ಬಿಚ್ಚಲು ಈ ಒಂದು ಮಾರ್ಗವಲ್ಲದೆ ಬೇರೆಯಿಲ್ಲ. ೩, ೭, ೧೧ ಎಂದು ಒಂದೊಂದಾಗಿ ಪರೀಕ್ಷಿಸುತ್ತ ಹೋಗುವವನು ೧೦೯ನ್ನು ಮುಟ್ಟುವ ಹೊತ್ತಿಗೆ ಬೇಸತ್ತಿರುತ್ತಾನೆ. ಆದರೆ ಇದೇ ಅಧಿಕಾರದ ವರ್ಗ ಪ್ರಕರಣದಲ್ಲಿ ಒಂದು ಸೂತ್ರವಿದೆ: ಒಂದು ಸಂಖ್ಯೆಗೆ ಇಷ್ಟವಾದುದನ್ನು ಕೂಡಿಸಿ, ಕಳೆದು, ಬಂದ ಎರಡನ್ನು ಗುಣಿಸಿ, ಇಷ್ಟದ ವರ್ಗವನ್ನು ಸೇರಿಸಿದರೆ ಮೊದಲಿನ ಸಂಖ್ಯೆಯ ವರ್ಗ ದೊರೆಯುತ್ತದೆ. ಇದನ್ನು ಹಿಂದುಮುಂದಾಗಿ ಬಳಸಿದರೆ ೧೫೧೫೧ಕ್ಕಿಂತ ಮೇಲಿನ ಮೊದಲ ವರ್ಗವಾದ ೧೫೩೭೬ನ್ನು, ಎಂದರೆ ೧೨೪ರ ವರ್ಗವನ್ನು ತೆಗೆದುಕೊಳ್ಳಬೇಕು. ಅಂತರ ೨೨೫, ಅದು ೧೫ರ ವರ್ಗ. ೧೨೪ಕ್ಕೆ ೧೫ನ್ನು ಕೂಡಿಸಿದರೆ ೧೩೯, ಕಳೆದರೆ ೧೦೯. ಮೊದಲ ಪ್ರಯತ್ನದಲ್ಲಿಯೇ ಹಾರ ಬಿಚ್ಚಿಕೊಂಡಿತು. ಮಹಾವೀರಾಚಾರ್ಯನು ಹೀಗೆಯೇ ಮಾಡಿದನೆಂದು ಹೇಳಲು ಗ್ರಂಥದಲ್ಲಿ ವಚನವಿಲ್ಲ. ಮಾಡಲು ಬೇಕಾದ ಉಪಕರಣವು ಅವನ ಕೈಯಲ್ಲಿದ್ದಿತೆಂಬುದು ಮಾತ್ರ ನಿಶ್ಚಯ.

೭

ಇಷ್ಟು ಹೇಳಿದ ಮೇಲೆ ಎಲ್ಲೆಯನ್ನೂ ಗುರುತಿಸಬೇಕು. ಈ ಉದಾಹರಣೆಗಳಿಂದ ಅಪವರ್ತನ ಕೌಶಲವು ಸಿದ್ಧವಾಗುತ್ತದೆ. ಅವಿಭಾಜ್ಯ ಸಂಖ್ಯೆಗಳ ಸಾಮಾನ್ಯ ಸಿದ್ಧಾಂತವು ಅವನಲ್ಲಿ ಇದ್ದಿತೆಂದು ಸಿದ್ಧವಾಗುವುದಿಲ್ಲ. ಕೌಶಲ ಬೇರೆ, ಅದರ ಕಾರಣವನ್ನು ಸಾಧಿಸಿ ತೋರಿಸುವುದು ಬೇರೆ. ಋಣಸಂಖ್ಯೆಯು ಸ್ವಭಾವದಿಂದಲೇ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸರಿಯಾಗಿ ಕಂಡ ಇದೇ ಆಚಾರ್ಯನು, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದೂ ಹೇಳಿದ್ದಾನೆ. ಎರಡನೆಯದನ್ನು ಇಂದು ಒಪ್ಪಲಾಗದು. ಪೂರ್ವಿಕರನ್ನು ಗೌರವಿಸುವುದೆಂದರೆ ಅವರು ಹೇಳಿದುದೆಲ್ಲ ಸರಿಯೆಂದು ಸಾಧಿಸುವುದಲ್ಲ. ಅವರ ಲೆಕ್ಕವನ್ನು ನಾವೂ ಮಾಡಿ ನೋಡುವುದೇ ನಿಜವಾದ ಗೌರವ.

ಗಣಿತಸಾರಸಂಗ್ರಹವು ಪಂಡಿತರ ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳಿಂದ ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ಮಹಾವೀರಾಚಾರ್ಯನ ತ್ರೈರಾಶಿಕ, ಮಿಶ್ರಕ ಅಧಿಕಾರಗಳ ಬಡ್ಡಿ, ಪಾಲು, ಕ್ರಯವಿಕ್ರಯಗಳ ಲೆಕ್ಕಗಳು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿಯಾಗಲಿ ರಾಣೆಬೆನ್ನೂರಿನ ಅಡತಿ ಅಂಗಡಿಯಲ್ಲಿಯಾಗಲಿ ಲೆಕ್ಕ ಬರೆಯುವವರಿಗೆ ಇಂದಿಗೂ ಅಪರಿಚಿತವಲ್ಲ. ವ್ಯವಹಾರದ ಲೆಕ್ಕವನ್ನು ಅಷ್ಟು ವಿಸ್ತಾರವಾಗಿ ಹೇಳಿದವನೇ, ಯಾವ ವ್ಯವಹಾರಕ್ಕೂ ಬೇಡದ ಒಂದು ಹಾರವನ್ನು ಗುಣಾಕಾರದ ಪಾಠದಲ್ಲಿ ಇಟ್ಟನು. ದೀರ್ಘ ಗುಣಾಕಾರದಲ್ಲಿ ಒಂದು ಅಂಕ ತಪ್ಪಿದರೂ ಹಾರ ಹರಿದುಹೋಗುತ್ತದೆ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಗುರುವಿನ ನೆರವಿಲ್ಲದೆ ವಿದ್ಯಾರ್ಥಿಯೇ ಕಾಣುತ್ತಾನೆ. ಅಲಂಕಾರವೆಂದು ತೋರಿದುದು ಬೋಧನೆಯ ಒಳ್ಳೆಯ ಉಪಾಯವೂ ಆಗಿದ್ದಿತು.

ಸಾವಿರ ವರ್ಷಗಳ ಬಳಿಕ ಇದೇ ಸಂಖ್ಯೆಗೆ ಇನ್ನೊಂದು ಹೆಸರು ಬಂದಿತು. ನಾಸಿಕದ ಬಳಿಯ ದೇವಳಾಲಿಯಲ್ಲಿ ೧೯೩೦ರಿಂದ ೧೯೬೨ರ ವರೆಗೆ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರರು (೧೯೦೫–೧೯೮೬) ೧, ೧೨೧, ೧೨೩೨೧, ೧೨೩೪೩೨೧ ಎಂದು ಬೆಳೆಯುವ ಈ ವರ್ಗಗಳ ಸಾಲನ್ನು ವಿಸ್ತಾರವಾಗಿ ಅಭ್ಯಾಸಮಾಡಿ, ಅವುಗಳಿಗೆ ಡೆಮ್ಲೊ ಸಂಖ್ಯೆಗಳೆಂದು ಹೆಸರಿಟ್ಟರು. ಆ ವಿಚಾರ ಅವರಿಗೆ ಹೊಳೆದುದು ಇಂದು ಡೊಂಬಿವಲಿಯೆಂದು ಕರೆಯುವ ರೈಲುನಿಲ್ದಾಣದಲ್ಲಿ. ಅದರ ಅಂದಿನ ಹೆಸರೇ ಡೆಮ್ಲೊ. ಆ ಸಾಲಿನ ಆರನೆಯದು ನಮ್ಮ ೧೨೩೪೫೬೫೪೩೨೧. ಒಬ್ಬನು ಚಕ್ರವರ್ತಿಯ ಕಾಲದ ಆಚಾರ್ಯ, ಇನ್ನೊಬ್ಬರು ಸಣ್ಣ ಊರಿನ ಉಪಾಧ್ಯಾಯರು. ಇಬ್ಬರಿಗೂ ಬೇಕಾದುದು ಅಂಕಗಳೂ ತಾಳ್ಮೆಯೂ ಮಾತ್ರ.

ಮೇಲಿನ ಪಟ್ಟಿಯ ಉಳಿದ ಲಬ್ಧಗಳನ್ನೂ ಇದೇ ಕ್ರಮದಲ್ಲಿ ಬಿಡಿಸಿ ನೋಡುವ ಕೆಲಸ ವಿದ್ಯಾರ್ಥಿಗಳಿಗೆ ಸುಲಭವಾಗಿ ಒಗ್ಗುವಂಥದು. ಅದಕ್ಕೆ ಯಂತ್ರವೂ ಬೇಕಿಲ್ಲ, ದೊಡ್ಡ ಗ್ರಂಥಾಲಯವೂ ಬೇಕಿಲ್ಲ. ಉದಾಹರಣೆಗೆ ೧೦೦೦೧೦೦೦೧, ೧೦೦೦೦೦೦೦೦೧ ಎರಡಕ್ಕೂ ೭ನ್ನೇ ಗುಣಕವಾಗಿ ಆರಿಸಿದುದಕ್ಕೆ ಕಾರಣವನ್ನು ಅವರು ಹುಡುಕಬಹುದು. ಹತ್ತರ ಘಾತಗಳನ್ನು ಏಳರಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು ಸಾಲಾಗಿ ಬರೆದರೆ ದಾರಿ ತಾನೇ ಕಾಣಿಸುತ್ತದೆ: ೧, ೩, ೨, ೬, ೪, ೫, ಮತ್ತೆ ೧. ಮೊದಲಿನ ಸಂಖ್ಯೆಯ ಶೇಷಗಳು ೧, ೪, ೨. ಎರಡನೆಯದರವು ೧, ೬. ಎರಡರ ಮೊತ್ತವೂ ಏಳೇ. ಮಹಾವೀರಾಚಾರ್ಯನ ಇತರ ಪ್ರಕರಣಗಳ ಉದಾಹರಣೆಗಳನ್ನೂ ಹೀಗೆ ಹಿಂದಿನಿಂದ ಮುಂದಕ್ಕೆ ಪರೀಕ್ಷಿಸಿದರೆ, ಸೂತ್ರಗಳಲ್ಲಿ ಹೇಳದೆ ಬಿಟ್ಟ ಅವನ ಕೆಲಸದ ಕ್ರಮ ಇನ್ನೂ ಎಷ್ಟೋ ಕಡೆ ಸ್ಪಷ್ಟವಾದೀತು.